ಬೇರೆ ಊರಿನ ಗೆಳತಿಗೆ ಹೂವು ಕಳಿಸಬೇಕೆ? ಮೊದಲು ಅಲ್ಲಿನ ಹೂವಿನಂಗಡಿಗೆ ಫೋನ್ ಮಾಡಿ

"ಗೆಳತಿಗೆ ಆಪರೇಷನ್ ಆಗಿದೆ, ಎರಡು ದಿನದಲ್ಲಿ ಮನೆಗೆ ಬರುತ್ತಾಳೆ. ನಾನು ಹೋಗಲು ಆಗುತ್ತಿಲ್ಲ. ವೆಬ್‌ಸೈಟಿನಲ್ಲಿ ಫೋಟೋ ನೋಡಿ ಬೊಕೆ ಕಳಿಸಲೋ, ಅವಳ ಊರಿನಲ್ಲೇ ಒಂದು ಹೂವಿನಂಗಡಿ ಹುಡುಕಲೋ? ಹೂವು ಒಳ್ಳೆಯದೋ, ಕುಂಡದಲ್ಲಿರುವ ಗಿಡವೋ? ಅವಳ ಮನೆಯಲ್ಲಿ ಎರಡು ಬೆಕ್ಕುಗಳಿವೆ" ಎಂದು ಕೇಳಿದ್ದೀರಿ. ನಾನು 11 ವರ್ಷ ಹೂವಿನಂಗಡಿಯಲ್ಲಿ ಕೆಲಸ ಮಾಡಿದವಳು. ಬೊಕೆ ಕಟ್ಟಿದ್ದೇನೆ, ಫೋನಿನಲ್ಲಿ ಆರ್ಡರ್ ತೆಗೆದುಕೊಂಡಿದ್ದೇನೆ, ಡೆಲಿವರಿ ಹುಡುಗರು ಬಾರದ ದಿನ ನಾನೇ ಹೋಗಿ ಕೊಟ್ಟು ಬಂದಿದ್ದೇನೆ. ಆ ಅನುಭವದಿಂದ ಹೇಳುತ್ತೇನೆ.

ಮೊದಲು ಬೆಕ್ಕಿನ ವಿಷಯ. ನೀವು ಅದನ್ನು ಕೊನೆಯ ಸಾಲಿನಲ್ಲಿ ಬರೆದಿದ್ದೀರಿ, ಆದರೆ ಬೇರೆಲ್ಲದಕ್ಕಿಂತ ಮುಖ್ಯವಾದದ್ದು ಅದೇ. ಲಿಲ್ಲಿ ಬೇಡವೇ ಬೇಡ. ಅದು ಬೆಕ್ಕಿಗೆ ವಿಷ. ಎಲೆ, ಎಸಳು, ದಂಟು, ಪರಾಗ, ಕೊನೆಗೆ ಹೂದಾನಿಯ ನೀರು, ಯಾವುದು ಸ್ವಲ್ಪ ಹೊಟ್ಟೆಗೆ ಹೋದರೂ ಒಂದೆರಡು ದಿನದಲ್ಲಿ ಮೂತ್ರಪಿಂಡಗಳು ಕೆಲಸ ನಿಲ್ಲಿಸಬಹುದು. ಮೈಮೇಲೆ ಉದುರಿದ ಪರಾಗವನ್ನು ಬೆಕ್ಕು ನೆಕ್ಕಿಕೊಂಡರೂ ಸಾಕು. ಅಂಗಡಿಯಲ್ಲಿ ನಾವು ಲಿಲ್ಲಿಯ ಕೇಸರ ಕಿತ್ತು ಹಾಕುತ್ತಿದ್ದದ್ದು ಬಟ್ಟೆಗೆ ಕಲೆಯಾಗದಿರಲಿ ಎಂದು. ಅದರಿಂದ ಬೆಕ್ಕು ಉಳಿಯುವುದಿಲ್ಲ. ಪೀಸ್ ಲಿಲ್ಲಿ ಎಂಬ ಗಿಡ ಹೆಸರಿಗೆ ಮಾತ್ರ ಲಿಲ್ಲಿ. ಅದನ್ನು ಕಚ್ಚಿದರೆ ಬಾಯಿ ಉರಿದು ಜೊಲ್ಲು ಸುರಿಯುತ್ತದೆ, ಮೂತ್ರಪಿಂಡಕ್ಕೆ ತೊಂದರೆಯಿಲ್ಲ. ಹಾಗಂತ ಅದನ್ನೂ ಕಳಿಸಬೇಡಿ. ಗುಲಾಬಿ, ಜರ್ಬೆರಾ, ಸೂರ್ಯಕಾಂತಿ, ಲಿಸಿಯಾಂಥಸ್, ಫೆಲನಾಪ್ಸಿಸ್ ಆರ್ಕಿಡ್ ಇವು ಬೆಕ್ಕಿರುವ ಮನೆಗೆ ನಡೆಯುತ್ತವೆ. ಸೇವಂತಿಗೆ, ಕಾರ್ನೇಷನ್ ಬೆಕ್ಕಿನ ಹೊಟ್ಟೆ ಕೆಡಿಸುತ್ತವೆ, ಆದ್ದರಿಂದ ಅವನ್ನೂ ಬಿಡಿ. ಈ ಮಾತನ್ನು ಅಂಗಡಿಯವರಿಗೆ ಬಾಯಲ್ಲಿ ಹೇಳಿದರೆ ಸಾಲದು, ಆರ್ಡರ್ ಚೀಟಿಯ ಮೇಲೆ ಬರೆಸಿ. ಫೋನ್ ಎತ್ತಿದವರು ಒಬ್ಬರು, ಬೊಕೆ ಕಟ್ಟುವವರು ಇನ್ನೊಬ್ಬರು ಇರುತ್ತಾರೆ.

ಈಗ ವೆಬ್‌ಸೈಟೋ ಅಂಗಡಿಯೋ ಎಂಬ ಪ್ರಶ್ನೆ. ದೂರದ ಊರಿಗೆ ಹೂವು ಕಳಿಸುವುದು ಹೊಸದೇನಲ್ಲ. ಜರ್ಮನಿಯಲ್ಲಿ 1908ರಲ್ಲಿ, ಅಮೆರಿಕದಲ್ಲಿ 1910ರಲ್ಲಿ ಹೂವಿನ ವ್ಯಾಪಾರಿಗಳು ತಮ್ಮತಮ್ಮಲ್ಲೇ ಒಂದು ಒಪ್ಪಂದ ಮಾಡಿಕೊಂಡರು: ನನ್ನ ಗಿರಾಕಿ ನಿನ್ನ ಊರಿಗೆ ಹೂವು ಕಳಿಸಬೇಕೆಂದರೆ ನಾನು ನಿನಗೆ ತಿಳಿಸುತ್ತೇನೆ, ನಿನ್ನ ಅಂಗಡಿಯ ತಾಜಾ ಹೂವನ್ನು ನೀನು ತಲುಪಿಸು, ಹಣವನ್ನು ಆಮೇಲೆ ಲೆಕ್ಕ ಹಾಕಿಕೊಳ್ಳೋಣ. ಅಮೆರಿಕದವರು ಇದಕ್ಕೆ ಟೆಲಿಗ್ರಾಫ್ ಬಳಸಿದರು. ಹೂವು ಪ್ರಯಾಣ ಮಾಡಬೇಕಿಲ್ಲ, ಸುದ್ದಿ ಪ್ರಯಾಣ ಮಾಡಿದರೆ ಸಾಕು ಎಂಬುದು ಬಹಳ ಒಳ್ಳೆಯ ಯೋಚನೆ. ಅಲ್ಲಿ ಎರಡು ಕಡೆಯೂ ಹೂವು ಗೊತ್ತಿದ್ದವರೇ ಇದ್ದರು.

ಇಂದಿನ ಅನೇಕ ವೆಬ್‌ಸೈಟುಗಳಿಗೆ ಸ್ವಂತ ಅಂಗಡಿಯೇ ಇಲ್ಲ. ನಿಮ್ಮ ಹಣದಲ್ಲಿ ತಮ್ಮ ಪಾಲು ಇಟ್ಟುಕೊಂಡು, ಉಳಿದದ್ದರ ಜೊತೆ ಒಂದು ಫೋಟೋವನ್ನು ಆ ಊರಿನ ಯಾವುದೋ ಅಂಗಡಿಗೆ ದಾಟಿಸುತ್ತವೆ. ಆ ಕೊನೆಯಲ್ಲಿ ನಿಂತವಳು ನಾನು. ಪರದೆಯ ಮೇಲೆ ಬರುತ್ತಿದ್ದದ್ದು ಒಂದು ಚಿತ್ರದ ನಂಬರು, ಒಂದು ವಿಳಾಸ, ಮತ್ತು ಚಿತ್ರದಲ್ಲಿದ್ದಷ್ಟು ಹೂವಿಗೆ ಸಾಲದ ಹಣ. ಒಮ್ಮೆ ಚಿತ್ರದಲ್ಲಿ ಪಿಯೋನಿ ಇತ್ತು. ಪಿಯೋನಿ ಅರಳುವ ಕಾಲ ವರ್ಷದಲ್ಲಿ ಕೆಲವೇ ವಾರ. ಆ ಕಾಲ ಮುಗಿದು ತಿಂಗಳುಗಳಾಗಿದ್ದವು. ಅದರ ಬದಲು ಗುಲಾಬಿ ಹಾಕಿ, ಬಂದ ಹಣಕ್ಕೆ ಹೊಂದುವಷ್ಟೇ ಕಟ್ಟಿ ಕಳಿಸಿದೆವು. ಕೊಟ್ಟವರಿಗೆ ಮೋಸ ಹೋದೆವು ಅನ್ನಿಸಿತು, ಪಡೆದವರು ಸಂಕೋಚದಿಂದ ಏನೂ ಹೇಳಲಿಲ್ಲ. ಕಳಿಸಿದವರು ನೇರವಾಗಿ ನಮಗೇ ಫೋನ್ ಮಾಡಿದ್ದರೆ, ಅದೇ ಹಣಕ್ಕೆ ಆ ದಿನ ಬೆಳಿಗ್ಗೆ ಬಂದ ಹೂವಿನಲ್ಲಿ ತುಂಬಿದ ಗುಚ್ಛ ಮಾಡಿಕೊಡುತ್ತಿದ್ದೆ. ಮೋಸ ಹೋದೆ ಎಂದ, ಹೂವು ಕಳಿಸಿದ್ದ ಆ ಮಹಿಳೆಯ ಧ್ವನಿ ನನಗೆ ಇಂದಿಗೂ ನೆನಪಿದೆ.

ಹಾಗಾಗಿ ನನ್ನ ಉತ್ತರ ಸ್ಪಷ್ಟ. ಹೂವನ್ನು ಕೈಯಲ್ಲಿ ಹಿಡಿದು ಕಟ್ಟುವವರ ಜೊತೆಯೇ ಮಾತಾಡಿ. ನಕ್ಷೆಯಲ್ಲಿ ಗೆಳತಿಯ ಮನೆಯ ಸುತ್ತಮುತ್ತ ಹುಡುಕಿ. ಅಂಗಡಿಗೆ ಬೀದಿ ವಿಳಾಸ ಇದೆಯೇ ನೋಡಿ. ಅವರು ಹಾಕಿರುವ ಫೋಟೋಗಳು ಒಂದೇ ಮೇಜು, ಒಂದೇ ಗೋಡೆಯ ಮುಂದೆ ತೆಗೆದವಾಗಿದ್ದರೆ ಅದು ಅವರದೇ ಕೆಲಸ. ಫೋನ್ ಮಾಡಿ "ಇವತ್ತು ಅಂಗಡಿಯಲ್ಲಿ ಯಾವ ಹೂವು ಚೆನ್ನಾಗಿದೆ?" ಎಂದು ಕೇಳಿ. ನಿಜವಾದ ಅಂಗಡಿಯವರು ತಲೆಯೆತ್ತಿ ಬಕೆಟುಗಳನ್ನು ನೋಡಿ ಉತ್ತರ ಕೊಡುತ್ತಾರೆ. ಮಧ್ಯವರ್ತಿಗಳು ಕ್ಯಾಟಲಾಗ್ ನೋಡಲು ಹೇಳುತ್ತಾರೆ.

ಆಮೇಲೆ ಯಾವ ಹೂವು ಎಂದು ನೀವೇ ತೀರ್ಮಾನಿಸಬೇಡಿ. ಎಷ್ಟು ಹಣ, ಯಾರಿಗೆ, ಯಾಕೆ, ಅವರಿಗೆ ಯಾವ ಬಣ್ಣ ಇಷ್ಟ, ಎಲ್ಲಿ ಇಡುತ್ತಾರೆ, ಏನು ಬೇಡ, ಇಷ್ಟನ್ನು ಹೇಳಿ ಉಳಿದದ್ದನ್ನು ಕಟ್ಟುವವರ ಕೈಗೆ ಬಿಡಿ. ಹೀಗೆ ನಂಬಿ ಬಿಟ್ಟ ಆರ್ಡರುಗಳನ್ನು ನಾವು ಎಷ್ಟು ಪ್ರೀತಿಯಿಂದ ಮಾಡುತ್ತಿದ್ದೆವು ಎಂದರೆ, ಒಂದೆರಡು ಹೂವು ಹೆಚ್ಚೇ ಹೋಗುತ್ತಿದ್ದವು. ಹಣದ ಲೆಕ್ಕದಲ್ಲಿ ಡೆಲಿವರಿ ಖರ್ಚು ಸೇರಿದೆಯೋ ಇಲ್ಲವೋ ಎಂಬುದನ್ನು ಮಾತ್ರ ಕೇಳಿಕೊಳ್ಳಿ.

ಇನ್ನೊಂದು ಪ್ರಶ್ನೆ ಕೇಳಿ, ಇದನ್ನು ಗಿರಾಕಿಗಳು ಕೇಳುವುದೇ ಇಲ್ಲ: "ನಿಮಗೆ ಹೂವು ಯಾವ ದಿನ ಬರುತ್ತದೆ?" ಬಹಳಷ್ಟು ಅಂಗಡಿಗಳಿಗೆ ವಾರದಲ್ಲಿ ಎರಡು ಮೂರು ಸಲ ಮಾತ್ರ ಹೊಸ ಮಾಲು ಬರುತ್ತದೆ. ಬಂದ ದಿನ ನಾವು ದಂಟಿನ ತುದಿಯನ್ನು ಓರೆಯಾಗಿ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಕೆಲವು ಗಂಟೆ ನೀರು ಕುಡಿಯಲು ಬಿಡುತ್ತೇವೆ. ಕಿತ್ತ ಹೂವು ಬೇಗ ಬಾಡಲು ಮುಖ್ಯ ಕಾರಣ ದಂಟಿನ ಒಳಗಿನ ನೀರಿನ ಕೊಳವೆಗಳು ಮುಚ್ಚಿಹೋಗುವುದು. ಒಣಗಿದ ತುದಿಯಿಂದ ಗಾಳಿ ಸೇರಿಯೋ, ನೀರಿನಲ್ಲಿ ಬೆಳೆದ ಬ್ಯಾಕ್ಟೀರಿಯಾ ಕಟ್ಟಿಕೊಂಡೋ ಅವು ಮುಚ್ಚುತ್ತವೆ. ಗುಲಾಬಿಯ ಕತ್ತು ಅರಳುವ ಮೊದಲೇ ಬಗ್ಗುವುದು ಹೀಗೆ. ಆದ್ದರಿಂದ ಮಾಲು ಬಂದ ದಿನವೋ ಮರುದಿನವೋ ಕಳಿಸಲು ಹೇಳಿ, ಅರ್ಧ ಅರಳಿದ ಹೂವು ಕೇಳಿ. ಪೂರ್ತಿ ಅರಳಿದ್ದು ಕೊಡುವ ದಿನ ಕಣ್ಣಿಗೆ ಚಂದ, ಮೂರನೆಯ ದಿನ ಎಸಳು ಉದುರುತ್ತದೆ. ಗುಲಾಬಿಯ ಹೊರಗಿನ ಒಂದೆರಡು ಎಸಳು ಒರಟಾಗಿ, ಹಸಿರು ಮಿಶ್ರಿತವಾಗಿ ಕಂಡರೆ ಕೆಟ್ಟಿದೆ ಎಂದುಕೊಳ್ಳಬೇಡಿ. ಅವು ಒಳಗಿನದ್ದನ್ನು ಕಾಯುವ ಎಸಳುಗಳು, ಕೈಯಿಂದ ತೆಗೆದರೆ ಸಾಕು.

ಈಗ ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳಬೇಕೆಂದಿರುವುದು. ನಿಮ್ಮ ಗೆಳತಿಗೆ ಕಾಗದದಲ್ಲಿ ಸುತ್ತಿದ ಬೊಕೆ ಕಳಿಸಬೇಡಿ. ಅದು ಕೈಗೆ ಬಂದ ಕೂಡಲೇ ಒಂದು ಕೆಲಸವಾಗುತ್ತದೆ: ಹೂದಾನಿ ಹುಡುಕಬೇಕು, ಕಾಗದ ಬಿಚ್ಚಬೇಕು, ದಂಟು ಕತ್ತರಿಸಬೇಕು, ನೀರು ತುಂಬಿ ಎತ್ತಿ ತರಬೇಕು. ಹೊಟ್ಟೆಯಲ್ಲಿ ಹೊಲಿಗೆ ಇದ್ದವರು ನೀರು ತುಂಬಿದ ಗಾಜಿನ ಪಾತ್ರೆ ಎತ್ತಬಾರದು. ಒಮ್ಮೆ ಡೆಲಿವರಿಗೆ ಹೋದಾಗ, ಆಪರೇಷನ್ ಆದ ಹಿರಿಯರೊಬ್ಬರು ಬಾಗಿಲ ಚೌಕಟ್ಟು ಹಿಡಿದು ನಿಂತು, ಬೊಕೆ ತೆಗೆದುಕೊಂಡು, ಇದನ್ನು ಎಲ್ಲಿಡಲಿ ಎಂದು ಸುತ್ತ ನೋಡಿದರು. ನಾನೇ ಒಳಗೆ ಹೋಗಿ ಒಂದು ಪಾತ್ರೆಯಲ್ಲಿ ಇಟ್ಟು ಬಂದೆ. ಅಂದಿನಿಂದ ಕಾಯಿಲೆಯವರಿಗೆ ಎಂದು ಆರ್ಡರ್ ಬಂದರೆ ಹೂದಾನಿಯಲ್ಲೇ ಜೋಡಿಸಿ ಕಳಿಸೋಣ ಎಂದು ನಾನಾಗಿಯೇ ಕೇಳುತ್ತಿದ್ದೆ. ನೀವೂ ಹಾಗೇ ಹೇಳಿ: ಗಿಡ್ಡನೆಯ, ತಳ ಅಗಲವಾದ, ಬೆಕ್ಕು ಮೈ ತಾಗಿಸಿದರೂ ಬೀಳದ ಪಾತ್ರೆ.

ಹಸಿರು ಸ್ಪಂಜಿನಂಥ ಫೋಮಿನಲ್ಲಿ ಚುಚ್ಚಿ ಮಾಡುವ ಜೋಡಣೆ ಬೇಡ ಎನ್ನುವುದು ನನ್ನ ಅಭಿಪ್ರಾಯ. ಅದು ಪ್ಲಾಸ್ಟಿಕ್, ಪುಡಿಯಾಗಿ ಮಣ್ಣು ನೀರು ಸೇರುತ್ತದೆ. ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ ತನ್ನ ಪ್ರದರ್ಶನಗಳಲ್ಲಿ 2021ರಿಂದ ಅದನ್ನು ನಿಷೇಧಿಸಿದೆ. ಜೊತೆಗೆ ಒಮ್ಮೆ ಒಣಗಿದರೆ ಅದು ಮತ್ತೆ ಸರಿಯಾಗಿ ನೀರು ಹೀರುವುದಿಲ್ಲ, ಮಲಗಿರುವವರು ದಿನಾ ನೀರು ಹಾಕುವುದನ್ನು ನೆನಪಿಡಲಾರರು. ಹೂದಾನಿಯೊಳಗೆ ತಂತಿಯ ಬಲೆ ಇಟ್ಟು ಜೋಡಿಸಿದರೂ ಹೂವು ಅಷ್ಟೇ ಗಟ್ಟಿಯಾಗಿ ನಿಲ್ಲುತ್ತದೆ.

ಪರಿಮಳದ ಬಗ್ಗೆ ಒಂದು ಮಾತು. ಅರಿವಳಿಕೆ ಮತ್ತು ಮಾತ್ರೆಗಳಿಂದ ಕೆಲವರಿಗೆ ದಿನಗಟ್ಟಲೆ ವಾಕರಿಕೆ ಇರುತ್ತದೆ. ಸುಗಂಧರಾಜ, ಹಯಸಿಂತ್‌ನಂಥ ಗಾಢ ವಾಸನೆಯ ಹೂವು ಮುಚ್ಚಿದ ಕೋಣೆಯಲ್ಲಿ ಹಿಂಸೆಯಾಗುತ್ತದೆ. ಹಣ್ಣು ಹೂವು ಎರಡನ್ನೂ ಒಂದೇ ಬುಟ್ಟಿಯಲ್ಲಿ ಕಳಿಸುವ ಆಸೆಯಾದರೆ ಅದೂ ಬೇಡ. ಮಾಗುವ ಸೇಬು, ಬಾಳೆ ಎಥಿಲೀನ್ ಎಂಬ ಅನಿಲ ಬಿಡುತ್ತವೆ, ಅದು ಪಕ್ಕದ ಹೂವನ್ನು ಬೇಗ ಮುದುಡಿಸುತ್ತದೆ.

ಗಿಡದ ಪ್ರಶ್ನೆಗೆ ಬರೋಣ. ಗಿಡ ಹೆಚ್ಚು ದಿನ ಇರುತ್ತದೆ ಎಂಬುದು ನಿಜ, ಆದರೆ ಎಲ್ಲ ಗಿಡವೂ ಅಲ್ಲ. ನಾಲ್ಕೈದು ಬಗೆಯ ಪುಟ್ಟ ಗಿಡಗಳನ್ನು ಒಂದೇ ಬುಟ್ಟಿಯಲ್ಲಿ ನೆಟ್ಟು ರಿಬ್ಬನ್ ಕಟ್ಟಿ ಮಾರುತ್ತಾರಲ್ಲ, ಅದು ನನಗೆ ಒಮ್ಮೆ ಬಂದಿತ್ತು. ನಾನು ಜ್ವರದಿಂದ ಎದ್ದ ವಾರ. ಜರೀಗಿಡ ಮತ್ತು ಕಳ್ಳಿ ಜಾತಿಯ ಗಿಡ ಅಕ್ಕಪಕ್ಕ. ಒಂದಕ್ಕೆ ಸದಾ ತೇವ ಬೇಕು, ಇನ್ನೊಂದಕ್ಕೆ ಮಣ್ಣು ಒಣಗಬೇಕು. ಬುಟ್ಟಿಯ ಒಳಗೆ ಪ್ಲಾಸ್ಟಿಕ್ ಹಾಳೆ, ತಳದಲ್ಲಿ ತೂತಿಲ್ಲ. ನನಗೆ ಗಿಡ ಗೊತ್ತಿದ್ದರೂ ಎರಡನ್ನೂ ಒಟ್ಟಿಗೆ ಉಳಿಸಲಾಗಲಿಲ್ಲ. ಪ್ರೀತಿಯಿಂದ ಬಂದದ್ದು ಕಣ್ಣೆದುರೇ ಕೊಳೆಯುವುದನ್ನು ಕಾಯಿಲೆಯಲ್ಲಿರುವಾಗ ನೋಡುವುದು ಕಷ್ಟ. ಅದನ್ನು ಎಸೆಯುವಾಗ ಕೊಟ್ಟವರಿಗೆ ನಾನೇ ದ್ರೋಹ ಮಾಡಿದ ಹಾಗೆ ಅನ್ನಿಸಿತು.

ಆದ್ದರಿಂದ ಗಿಡವೇ ಆದರೆ ಒಂದೇ ಜಾತಿ, ಒಂದೇ ಕುಂಡ, ತಳದಲ್ಲಿ ತೂತು, ಕೆಳಗೆ ತಟ್ಟೆ. ನಿಮ್ಮ ಗೆಳತಿಗೆ ನಾನು ಹೇಳುವುದು ಫೆಲನಾಪ್ಸಿಸ್ ಆರ್ಕಿಡ್. ಬೆಕ್ಕಿಗೆ ಅಪಾಯವಿಲ್ಲ, ಹೂವು ಸಾಮಾನ್ಯವಾಗಿ ಎರಡು ಮೂರು ತಿಂಗಳು ನಿಲ್ಲುತ್ತದೆ, ವಾರಕ್ಕೊಮ್ಮೆ ನೀರು ಸಾಕು, ಕಿಟಕಿಯ ನೇರ ಬಿಸಿಲು ತಾಗದ ಬೆಳಕಿದ್ದರೆ ಆಯಿತು. ಕಡ್ಡಿಯ ಕೆಳಗಿನ ಒಂದೆರಡು ಹೂವು ಅರಳಿದ್ದು ಮೇಲೆ ಮೊಗ್ಗು ಇರುವುದನ್ನು ಆರಿಸಲು ಹೇಳಿ. ಮಲಗಿದಲ್ಲಿಂದ ಒಂದೊಂದೇ ಮೊಗ್ಗು ಬಿಚ್ಚುವುದು ಅವರಿಗೆ ಕಾಣುತ್ತದೆ. ಕುಂಡಕ್ಕೆ ಹೊಳೆಯುವ ಕಾಗದ ಸುತ್ತಿ ಬಂದರೆ ತಳದಲ್ಲಿ ಅದನ್ನು ಹರಿದು ಬಿಡಬೇಕು, ಇಲ್ಲದಿದ್ದರೆ ನೀರು ನಿಂತು ಬೇರು ಕೊಳೆಯುತ್ತದೆ. ಹೂವು, ಗಿಡ ಎರಡರಲ್ಲಿ ನನ್ನನ್ನು ಒಂದನ್ನೇ ಆರಿಸಲು ಹೇಳಿದರೆ, ಮನೆಯಲ್ಲಿ ನೋಡಿಕೊಳ್ಳುವವರು ಇದ್ದರೂ ಇಲ್ಲದಿದ್ದರೂ ಈ ಆರ್ಕಿಡ್ಡನ್ನೇ ಆರಿಸುತ್ತೇನೆ.

ಆಸ್ಪತ್ರೆಗೆ ಕಳಿಸಬೇಡಿ. ತೀವ್ರ ನಿಗಾ ಘಟಕಗಳಲ್ಲಿ ಸಾಮಾನ್ಯವಾಗಿ ಹೂವು ಒಳಗೆ ಬಿಡುವುದಿಲ್ಲ, ವಾರ್ಡಿಗೆ ಬಿಟ್ಟರೂ ಮನೆಗೆ ಹೊರಡುವ ಗಡಿಬಿಡಿಯಲ್ಲಿ ಅದು ಅಲ್ಲೇ ಉಳಿಯುತ್ತದೆ. ಮನೆಗೆ ಬಂದ ದಿನವೂ ಬೇಡ. ಮೊದಲೆರಡು ದಿನ ಎಲ್ಲರೂ ಬರುತ್ತಾರೆ, ಫೋನುಗಳು ಬರುತ್ತವೆ. ನಾಲ್ಕನೆಯ ಐದನೆಯ ದಿನ ಮನೆ ಖಾಲಿಯಾಗುತ್ತದೆ, ನೋವು ಹಾಗೇ ಇರುತ್ತದೆ. ಆ ದಿನ ತಲುಪಲಿ. ಫೆಬ್ರವರಿ 14ರಂಥ ದಿನದ ಹತ್ತಿರ ಬಿದ್ದರೆ ಎರಡು ದಿನ ಮುಂದಕ್ಕೆ ಹಾಕಿ; ಆ ವಾರ ಗುಲಾಬಿ ದುಬಾರಿ, ಕಟ್ಟುವವರಿಗೂ ಉಸಿರಾಡಲು ಸಮಯವಿರುವುದಿಲ್ಲ. ಬಾಗಿಲು ತೆಗೆಯುವವರು ಯಾರು, ಎಷ್ಟನೆಯ ಮಹಡಿ, ಅವರ ಫೋನ್ ನಂಬರು ಏನು ಎಂಬುದನ್ನು ಅಂಗಡಿಗೆ ಕೊಡಿ. ಅಚ್ಚರಿ ಕೊಡಬೇಕೆಂಬ ಆಸೆ ಇದ್ದರೂ ಮನೆಯ ಒಬ್ಬರಿಗೆ ಮೊದಲೇ ತಿಳಿಸಿ. ಬಾಗಿಲ ಹೊರಗೆ ಬಿಸಿಲಿನಲ್ಲಿ ಎರಡು ಗಂಟೆ ಕೂತ ಹೂವನ್ನು ಯಾವ ನೀರೂ ಎಬ್ಬಿಸುವುದಿಲ್ಲ.

ಕಾರ್ಡಿನಲ್ಲಿ ನಿಮ್ಮ ಹೆಸರನ್ನು ಪೂರ್ತಿ ಬರೆಸಿ. ಯಾರು ಕಳಿಸಿದ್ದೆಂದು ಗೊತ್ತಾಗದೆ ನಮಗೆ ಫೋನ್ ಮಾಡಿದವರು ಎಷ್ಟೋ ಜನ. ಎರಡು ಸಾಲು ಸಾಕು, "ಉತ್ತರ ಕೊಡುವ ಅವಸರ ಬೇಡ, ಮಲಗಿಕೋ" ಎಂದು ಸೇರಿಸಿದರೆ ಇನ್ನೂ ಒಳ್ಳೆಯದು. ಹೊರಡುವ ಮೊದಲು ಒಂದು ಫೋಟೋ ಕಳಿಸಲು ಅಂಗಡಿಯವರನ್ನು ಕೇಳಿ, ಖುಷಿಯಿಂದ ಕಳಿಸುತ್ತಾರೆ. ಹೂವು ಬಾಡಿ ತಲುಪಿದ್ದರೆ ಅದೇ ದಿನ ಅದರ ಫೋಟೋ ಸಮೇತ ತಿಳಿಸಿ. ನಾವು ಅಂಥ ದಿನ ಸಂಜೆಯೊಳಗೆ ಬೇರೆಯದು ಕಟ್ಟಿ ಕಳಿಸುತ್ತಿದ್ದೆವು.

ಫೋನಿನಲ್ಲಿ ಏನು ಹೇಳಬೇಕು ಎಂದು ತೋಚದಿದ್ದರೆ ಹೀಗೆ ಶುರು ಮಾಡಿ: "ನಿಮ್ಮ ಊರಿನಲ್ಲಿ ನನ್ನ ಗೆಳತಿ ಆಪರೇಷನ್ ಆಗಿ ಮಲಗಿದ್ದಾಳೆ. ಮನೆಯಲ್ಲಿ ಬೆಕ್ಕುಗಳಿವೆ, ಲಿಲ್ಲಿ ಬೇಡ, ಗಾಢ ಪರಿಮಳವೂ ಬೇಡ. ಒಂದು ಆರ್ಕಿಡ್ ಗಿಡ ಇದೆಯಾ? ಇಲ್ಲದಿದ್ದರೆ ಹೂದಾನಿಯಲ್ಲೇ ಜೋಡಿಸಿದ ಹೂವು, ನನ್ನ ಹತ್ತಿರ ಇಷ್ಟು ಹಣ ಇದೆ. ನಿಮಗೆ ಹೊಸ ಮಾಲು ಯಾವತ್ತು ಬರುತ್ತದೆ?"