ಸೆನ್ಸರ್ ಬದಲಿಸುವ ಮುನ್ನ ತಂತಿ ನೋಡಿ

ಪ್ರಶ್ನೆ: ನಮ್ಮದು 2011ರ ಪೆಟ್ರೋಲ್ ಕಾರು. ಮಳೆ ಹಿಡಿದಾಗಿನಿಂದ ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ, ಕಪ್ಪು ಹೊಗೆ ಉಗುಳುತ್ತದೆ, ರೇಡಿಯೇಟರ್ ಫ್ಯಾನ್ ನಿಲ್ಲುವುದೇ ಇಲ್ಲ. ದೋಷ ಪತ್ತೆಹಚ್ಚುವ ಸ್ಕ್ಯಾನರಿನಲ್ಲಿ ಪಿ0118 ಕೋಡ್ ಬಂದಿದೆ. ಸೆನ್ಸರುಗಳನ್ನೆಲ್ಲ ಬದಲಿಸಬೇಕು ಎನ್ನುತ್ತಾರೆ. ಏನು ಮಾಡಲಿ?
– ಓದುಗರು, ತೀರ್ಥಹಳ್ಳಿ

ಉತ್ತರ: ದಯವಿಟ್ಟು ಒಪ್ಪಬೇಡಿ. ಕೋಡ್ ದೂರುವುದು ಕೂಲಂಟ್ (ಎಂಜಿನ್ ತಣಿಸುವ ದ್ರವ) ತಾಪಮಾನ ಅಳೆಯುವ ಇಡೀ ಸರ್ಕ್ಯೂಟನ್ನು, ಸೆನ್ಸರನ್ನೊಂದೇ ಅಲ್ಲ. ಪಿ0118 ಎಂದರೆ ಅಲ್ಲಿ ವೋಲ್ಟೇಜ್ ಅತಿಯಾಗಿದೆ. ಸಾಮಾನ್ಯವಾಗಿ ಎಲ್ಲೋ ಸಂಪರ್ಕ ಕಡಿದಿದೆ. ಮಲೆನಾಡಿನಲ್ಲಿ ನನ್ನ ಮೊದಲ ಅನುಮಾನ ಯಾವತ್ತೂ ಕನೆಕ್ಟರಿನ ಹಸಿರು ಕಿಲುಬು, ಎರಡನೆಯದು ಇಲಿ. ಅಡಿಕೆ ಚಪ್ಪರದ ಪಕ್ಕ ನಿಲ್ಲಿಸುವ ಕಾರಾದರೆ ಬಾನೆಟ್ ಎತ್ತಿ ತಂತಿಯುದ್ದಕ್ಕೂ ಬೆರಳಾಡಿಸಿ.

ರಾತ್ರಿಯಿಡೀ ನಿಂತ ಕಾರಿನಲ್ಲಿ ಇಗ್ನಿಷನ್ ಮಾತ್ರ ಆನ್ ಮಾಡಿ ಸ್ಕ್ಯಾನರ್ ನೋಡಿ. ಕೂಲಂಟ್ ಮತ್ತು ಒಳಬರುವ ಗಾಳಿಯ ತಾಪಮಾನ ಹೆಚ್ಚುಕಡಿಮೆ ಒಂದೇ ಇರಬೇಕು. ಕೂಲಂಟ್ ಮಾತ್ರ ಮೈನಸ್ 40 ತೋರಿಸಿದರೆ ಸಂಪರ್ಕ ಕಡಿದಿದೆ ಎಂದರ್ಥ, ಆಗುಂಬೆಯ ಚಳಿಗೂ ಅದು ಸಾಧ್ಯವಿಲ್ಲವಲ್ಲ! ಇಗ್ನಿಷನ್ ಆರಿಸಿ, ಕೂಲಂಟ್ ಸೆನ್ಸರಿನ ಎರಡು ಪಿನ್ನಿನ ಪ್ಲಗ್ (ಕನೆಕ್ಟರ್) ಕಿತ್ತು, ತಂತಿಯ ಬದಿಯ ಪಿನ್ನುಗಳನ್ನು ಸಣ್ಣ ತಂತಿಯಿಂದ ಜೋಡಿಸಿ, ಇಗ್ನಿಷನ್ ಆನ್ ಮಾಡಿ ಮತ್ತೆ ಸ್ಕ್ಯಾನರ್ ನೋಡಿ. ಅಂಕಿ ನೂರು ದಾಟಿ ಹಾರಿದರೆ ತಂತಿ ಚೆನ್ನಾಗಿದೆ, ದೋಷ ಸೆನ್ಸರಿನದು ಅಥವಾ ಪ್ಲಗ್ಗಿನದು. ಅಲುಗದಿದ್ದರೆ ತಂತಿ ಕಡಿದಿದೆ. ಆಗ ಹೊಸ ಸೆನ್ಸರಿಗೆ ಕೊಟ್ಟ ಹಣ ವ್ಯರ್ಥ.

ಸೆನ್ಸರನ್ನು ಮಲ್ಟಿಮೀಟರಿನಲ್ಲೂ ಅಳೆಯಿರಿ. 20 ಡಿಗ್ರಿಯಲ್ಲಿ ಸಾಮಾನ್ಯವಾಗಿ 2ರಿಂದ 3 ಕಿಲೋ ಓಮ್, 80ರಲ್ಲಿ 300 ಓಮ್ ಆಸುಪಾಸು. ಬದಲಿಸಲೇಬೇಕಾದರೆ ಅದೊಂದನ್ನೇ, ಎಂಜಿನ್ ತಣಿದ ಮೇಲೆ ಬದಲಿಸಿ.