ಹಳೇ ಟ್ರ್ಯಾಕ್ಟರ್ ತೊಗೊಳ್ಳೋ ಮುಂದ ಮಾಲಕತ್ವ ಹೆಂಗ ನೋಡ್ಬೇಕು?

ಜೇವರ್ಗಿ ಕಡಿ ಒಂದು ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರ್ ನೋಡೀನಿ, ಮಾರೋರು ಆರ್‌ಸಿ ತೋರಿಸ್ಯಾರ, ನಾಳಿ ಅಡ್ವಾನ್ಸ್ ಕೊಟ್ರ ಬಾಂಡ್ ಪೇಪರ್ ಮ್ಯಾಲ ಬರ್ದು ಕೊಡ್ತೀನಿ ಅಂತಾರ, ಇಷ್ಟು ಸಾಕಾ ಅಂತ ಕೇಳೀರಿ. ಸಾಕಾಗಂಗಿಲ್ರಿ ಅಣ್ಣಾರ. ನಾಳಿ ರೊಕ್ಕ ಕೊಡಬ್ಯಾಡ್ರಿ, ಎರಡು ದಿನ ತಡೀರಿ.

ನಮ್ಮ ಕಾಕಾರು ತೊಗರಿ ಮಾರಿದ ರೊಕ್ಕದಾಗ ಹಿಂಗೇ ಒಂದು ಗಾಡಿ ತಂದಿದ್ರು. ಬಾಂಡ್ ಆಗಿತ್ತು, ಇಬ್ಬರು ಸಾಕ್ಷಿ ಸಹಿ ಹಾಕಿದ್ರು, ಆರ್‌ಸಿನೂ ಇವರ ಕೈಯಾಗೇ ಇತ್ತು. ಒಂದು ಮಳಿಗಾಲ ಚಂದ ನಡೀತು, ದೀಪಾವಳಿ ಮುಂದ ಫೈನಾನ್ಸ್‌ದವರು ಬಂದು ಹೊಲದಾಗಿಂದೇ ಗಾಡಿ ಒಯ್ದರು, ಯಾಕಂದ್ರ ಮಾರಿದವ ಕಂತೇ ಕಟ್ಟಿರಲಿಲ್ಲ. ಕಾಕಾರು ಆ ಬಾಂಡ್ ಪೇಪರ್ ಹಿಡ್ಕೊಂಡು ಬದುವಿನ ಮ್ಯಾಲ ನಿಂತಿದ್ದು ನನಗ ಇನ್ನಾ ಮರ್ತಿಲ್ಲ.

ಅದಕ್ಕೇ ಮೊದಲು ಸಾಲ ನೋಡ್ರಿ. ಸರ್ಕಾರದ ಎಂ-ಪರಿವಾಹನ್ ಆ್ಯಪ್‌ನಾಗ ಗಾಡಿ ನಂಬರ್ ಹಾಕಿದ್ರ ಮಾಲಕರ ಹೆಸರು ಅರ್ಧಂಬರ್ಧ ಕಾಣ್ತದ, ಸಾಲದ ಮ್ಯಾಲ ಇದ್ರ ಅದೂ ಬರ್ತದ. ಸಾಲ ಮುಗಿದಾದ ಅಂತ ಬಾಯಿಲೆ ಹೇಳಿದ್ರ ನಂಬಬ್ಯಾಡ್ರಿ, ಬ್ಯಾಂಕಿನ ಎನ್‌ಒಸಿ (ನಮ್ಮ ತಕರಾರು ಇಲ್ಲ ಅನ್ನೋ ಪತ್ರ) ಮತ್ತ ಬ್ಯಾಂಕಿನ ಸಹಿ ಇದ್ದ ಫಾರಂ 35 (ಸಾಲದ ಕರಾರು ಮುಗೀತು ಅಂತ ತಿಳಿಸೋ ಫಾರಂ) ಬೇಕು, ಅದನ್ನ ಆರ್‌ಟಿಓದಾಗ ಕೊಟ್ಟು ಆರ್‌ಸಿದಾಗಿನ ಎಚ್‌ಪಿ (ಅಂದ್ರ ಗಾಡಿ ಸಾಲದ ಮ್ಯಾಲ ಅದ ಅನ್ನೋ ನಮೂದು) ತೆಗೆಸೋ ತನಕ ಗಾಡಿ ಬ್ಯಾಂಕಿನ ಹೆಸರಿಗೆ ಕಟ್ಟಿಬಿದ್ದಂಗೇ. ಎನ್‌ಒಸಿ ತೋರಿಸಿದ್ರೂ ನೀವೇ ಆ ಬ್ರಾಂಚಿಗೆ ಹೋಗಿ ಖರೇನಾ ಅಂತ ಕೇಳ್ರಿ, ನಾಚಿಕಿ ಪಡಬ್ಯಾಡ್ರಿ.

ಆಮ್ಯಾಲ ಹಗಲು ಹೊತ್ತಿನ್ಯಾಗ ಗಾಡಿ ಹತ್ರ ಹೋಗ್ರಿ. ಡೀಸೆಲ್ ಹಚ್ಚಿದ ಅರಬಿಲೆ ಇಂಜಿನ್ ನಂಬರ್, ಚಾಸಿ ನಂಬರ್ ಮ್ಯಾಲಿನ ಮಣ್ಣು ಗ್ರೀಸ್ ಒರಸ್ರಿ, ತೆಳು ಕಾಗದ ಇಟ್ಟು ಪೆನ್ಸಿಲ್ ತಿಕ್ಕ್ರಿ, ನಂಬರ್ ಕಾಗದದ ಮ್ಯಾಲ ಮೂಡ್ತದ. ಒಂದೊಂದೇ ಅಕ್ಷರ ಆರ್‌ಸಿ ಜೊತಿ ತಾಳೆ ನೋಡ್ರಿ. ಒಂದು ಅಂಕಿ ಉಳಿದವಕ್ಕಿಂತ ಆಳ ಕೊರ್ದಂಗ ಇದ್ರ, ಇಲ್ಲಾ ಆ ಜಾಗಾದಾಗ ಅಷ್ಟೇ ಹೊಸಾ ಬಣ್ಣ ಇದ್ರ, ಅಲ್ಲಿಂದಲೇ ವಾಪಸ್ ಬರ್ರಿ.

ಭೀಮಾ ದಂಡಿ ಊರುಗಳ ಗಾಡಿ ಅಂದ್ರ ಇನ್ನೊಂದು ಕೇಳಲೇಬೇಕು: ಕದ್ದು ಮರಳು ಸಾಗಿಸಿದ ಕೇಸ್ ಅದ ಏನು? ಸೀಜ್ ಆದ ಟ್ರ್ಯಾಕ್ಟರನ್ನ ಕೋರ್ಟಿನಾಗ ಬಾಂಡ್ ಕೊಟ್ಟು ಬಿಡಿಸ್ಕೊಂಡು ಬಂದಿರ್ತಾರ, ಕೇಸ್ ಮುಗಿಯೋ ತನಕ ಮಾರಬಾರದು ಅಂತ ಸಾಮಾನ್ಯವಾಗಿ ಷರತ್ತು ಇರ್ತದ. ಆ ಊರಿನ ಪೊಲೀಸ್ ಠಾಣಾದಾಗ ಗಾಡಿ ನಂಬರ್ ಹೇಳಿ ವಿಚಾರಸ್ರಿ, ಊರ ಮಂದೀನೂ ಚಹಾ ಅಂಗಡ್ಯಾಗ ಹೇಳ್ತಾರ.

ಟ್ರಾಲಿನೂ ಕೊಡ್ತಾರ ಅಂದ್ರ ಅದರ ಆರ್‌ಸಿ ಬ್ಯಾರೆ ಇರ್ತದ, ಅದೂ ಅವರ ಹೆಸರಿಲೇ ಇರಬೇಕು. ಆರ್‌ಸಿದಾಗ ತೀರಿಹೋದ ಅಪ್ಪನ ಹೆಸರಿದ್ರ ಮೊದಲು ಫಾರಂ 31 ಕೊಟ್ಟು ವಾರಸುದಾರರ ಹೆಸರಿಗೆ ಆಗಲಿ, ಅಣ್ಣತಮ್ಮಂದಿರೆಲ್ಲಾ ಒಪ್ಯಾರಾ ಅಂತ ಮನಿಗೆ ಹೋಗಿ ಕೇಳ್ರಿ. ಜಹೀರಾಬಾದ್, ಸೋಲಾಪುರ ಕಡಿ ಗಾಡಿ ಇದ್ರ ಬ್ಯಾರೆ ರಾಜ್ಯದ್ದು, ಅಲ್ಲಿನ ಆರ್‌ಟಿಓ ಎನ್‌ಒಸಿ ಇಲ್ಲದೇ ಮಾತಾಡಲೇಬ್ಯಾಡ್ರಿ.

ಎಲ್ಲಾ ಸರಿ ಇದ್ರ ಹೆಸರು ಬದಲಿಸೋ ಫಾರಂ 29, 30ಕ್ಕ ಮಾರೋರು ನಿಮ್ಮ ಮುಂದೇ ಸಹಿ ಹಾಕಲಿ, ದೊಡ್ಡ ರೊಕ್ಕ ಆ ದಿನ ಬ್ಯಾಂಕಿನ ಮೂಲಕ ಕೊಡ್ರಿ, 30 ದಿನದೊಳಗ ನಿಮ್ಮ ಹೆಸರಿಗೆ ಮಾಡಸ್ಕೊಳ್ರಿ. ಮಾರೋರು ಆಮ್ಯಾಲ ನೋಡೋಣು ಅಂತ ಜಗ್ಗಿದ್ರ ಅವರಿಗೆ ಹೇಳ್ರಿ, ಹೆಸರು ಬದಲಾಗೋ ಮುಂಚೆ ಆಕ್ಸಿಡೆಂಟ್ ಆದ್ರ ಆರ್‌ಸಿದಾಗ ಹೆಸರಿದ್ದವರೇ ಹೊಣೆ ಅಂತ ಸುಪ್ರೀಂ ಕೋರ್ಟ್ 2018ರಾಗೇ ಹೇಳ್ಯದ, ಅವಸರ ಅವರಿಗೇ ಆಗ್ತದ.

ಇವತ್ತು ರಾತ್ರಿ ಆ್ಯಪ್‌ನಾಗ ನೋಡಿ ಸಾಲದ ಬಗ್ಗೆ ಏನು ಬಂತು ಅಂತ ಇಲ್ಲೇ ಬರೀರಿ, ಗಾಡಿ ನಂಬರ್ ಮಾತ್ರ ಹಾಕಬ್ಯಾಡ್ರಿ.