ಗುಂಡಿ ತೋಡಿಯಾಗಿದೆ, ಈಗ ಏನೇನು ಹಾಕಿಸಲಿ?

ಪ್ರಶ್ನೆ: ಮೇಡಂ, ಮನೆ ಹಿಂದೆ 30 ಅಡಿ ಉದ್ದ, 15 ಅಡಿ ಅಗಲದ ಈಜುಕೊಳ ಕಟ್ಟಿಸುತ್ತಿದ್ದೇವೆ. ಗುಂಡಿ ತೋಡಿಯಾಗಿದೆ, ಮುಂದಿನ ವಾರ ಕಂಬಿ ಕಟ್ಟುತ್ತಾರೆ. ಈಗ ಕಂಟ್ರಾಕ್ಟರ್ ಒಂದು ಪಟ್ಟಿ ಹಿಡಿದು ಬಂದಿದ್ದಾರೆ. ಕಲ್ಲಿನ ಜಲಪಾತ, ಬಣ್ಣ ಬದಲಾಯಿಸುವ ದೀಪ, 8 ಅಡಿ ಆಳ, ತಳಕ್ಕೆ ಕಪ್ಪು ಫಿನಿಶ್, ನೀರಲ್ಲೇ ಕೂರುವ ಕಟ್ಟೆ. ‘ಈಗ ಬಿಟ್ಟರೆ ಆಮೇಲೆ ಆಗಲ್ಲ’ ಅನ್ನುತ್ತಾರೆ. ನಮ್ಮವರಿಗೆ ಜಲಪಾತ ಬೇಕೇ ಬೇಕು, ಮಗನಿಗೆ ಆಳ ಬೇಕು. ನನಗೆ ತಲೆ ಕೆಟ್ಟುಹೋಗಿದೆ. ಕಟ್ಟಿಸಿಕೊಂಡವರು ಆಮೇಲೆ ಯಾವುದಕ್ಕೆ ‘ಅಯ್ಯೋ, ಬೇಡವಾಗಿತ್ತು’ ಅನ್ನುತ್ತಾರೆ?

ಉತ್ತರ: ಜಲಪಾತದಿಂದಲೇ ಶುರು ಮಾಡೋಣ, ಯಾಕೆಂದರೆ ಆ ತಪ್ಪು ನಾನೇ ಮಾಡಿದ್ದೇನೆ. ಬೇರೆಯವರ ಕೊಳಗಳ ರಿಪೇರಿಯಲ್ಲಿ ವರ್ಷಗಟ್ಟಲೆ ಕೈ ಒದ್ದೆ ಮಾಡಿಕೊಂಡವಳು ನಾನು. ಆದರೂ ನಮ್ಮ ಮನೆಯ ಕೊಳದ ತುದಿಯಲ್ಲಿ ಮೂರಡಿ ಎತ್ತರಕ್ಕೆ ಕಲ್ಲು ಪೇರಿಸಿ ನೀರು ಬೀಳಿಸಿದೆ. ಮೊದಲ ತಿಂಗಳು ಬಂದವರೆಲ್ಲ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡರು.

ಎರಡನೇ ತಿಂಗಳು ಕಥೆ ಬೇರೆ. ನೀರು ಪರೀಕ್ಷೆ ಮಾಡುವ ಪುಟ್ಟ ಕೊಳವೆಗೆ ಐದು ಹನಿ ದ್ರಾವಣ ಹಾಕಿದರೆ ಕಿತ್ತಳೆಗೆಂಪು ಬರಬೇಕು. ನಮ್ಮದು ದಿನಾ ಒಳ್ಳೆ ರಾಣಿ ಬಣ್ಣ! ಅಂದರೆ ಪಿಎಚ್, ಅದೇ ನೀರಿನ ಹುಳಿ-ಕ್ಷಾರದ ಅಳತೆ, ಮೇಲೇರಿದೆ. ನೀರು ಮೇಲಿಂದ ಬಿದ್ದು ನೊರೆ ಎದ್ದಾಗ ಅದರಲ್ಲಿ ಕರಗಿದ್ದ ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ, ಅದು ಹೋದಷ್ಟೂ ಪಿಎಚ್ ಏರುತ್ತದೆ. ಕೊಳದ ನೀರು 7.2ರಿಂದ 7.8ರ ಒಳಗಿರಬೇಕು. 7.5ರಲ್ಲಿ ಕ್ಲೋರಿನ್‌ನ ಸುಮಾರು ಅರ್ಧ ಭಾಗ ಕ್ರಿಮಿ ಕೊಲ್ಲುವ ಚುರುಕು ರೂಪದಲ್ಲಿರುತ್ತದೆ. 8ಕ್ಕೆ ಹೋಯಿತು ಅಂದರೆ ಕಾಲು ಭಾಗ ಉಳಿದರೆ ಹೆಚ್ಚು. ಹಾಗಾಗಿ ಜಲಪಾತ ಓಡಿದಷ್ಟು ಹೊತ್ತೂ ನಾನು ಆಸಿಡ್ ಕ್ಯಾನ್ ಹಿಡಿದು ಓಡಾಡುವುದು. ಕಲ್ಲಿನ ಅಂಚಿಗೆ ಸುಣ್ಣದ ಬಿಳಿ ಹಕ್ಕಳೆ ಬೇರೆ ಕಟ್ಟುತ್ತಿತ್ತು. ಹಳೆಯ ಪುಟ್ಟಿ ಬ್ಲೇಡ್‌ನಲ್ಲಿ ಕೆರೆದು ಕೆರೆದು ಬೆರಳಿಗೆ ಬೊಕ್ಕೆ ಬಂತು. ಇದೆಲ್ಲಕ್ಕಿಂತ ದೊಡ್ಡದು ಇನ್ನೊಂದಿದೆ. ಜಲಪಾತದ ಸದ್ದಿನಲ್ಲಿ ಆ ತುದಿಯಲ್ಲಿದ್ದ ಮಕ್ಕಳು ಕೂಗಿದ್ದು ನನಗೆ ಕೇಳಿಸಲಿಲ್ಲ. ಅವತ್ತು ಸುಮ್ನೆ ತಮಾಷೆಗೆ ಕೂಗಿದ್ದರು, ಅಷ್ಟೇ. ಆದರೆ ಅವತ್ತೇ ಪಂಪ್ ಬಂದ್ ಮಾಡಿದೆ. ಈಗ ಆ ಕಲ್ಲಿನ ಸಂದಿಯಲ್ಲಿ ಹಲ್ಲಿಗಳ ಸಂಸಾರ ಇದೆ.

ಮಗನ ಆಳಕ್ಕೆ ಬರೋಣ. ಒಂದು ರಜೆಯ ದಿನ ಯಾವುದಾದರೂ ಮನೆಯ ಕೊಳ ನೋಡಿ. ಎಲ್ಲರೂ ಎದೆಮಟ್ಟದ ನೀರಲ್ಲೇ ಚೆಂಡು ಹಿಡಿದು ನಿಂತಿರುತ್ತಾರೆ, ಆಳದ ಕಡೆ ಒಂದು ಟ್ಯೂಬ್ ಮಾತ್ರ ತೇಲುತ್ತಿರುತ್ತದೆ. ಮೇಲಿಂದ ತಲೆಕೆಳಗಾಗಿ ಹಾರುವ ಆಸೆಗೆ ಆಳ ಬೇಕು ಅನ್ನುತ್ತಿದ್ದರೆ ಇನ್ನೂ ಯೋಚಿಸಿ. ಅದಕ್ಕೆ 8 ಅಡಿ ಆಳ ಒಂದೇ ಸಾಲದು, ಆ ಆಳ ಸಾಕಷ್ಟು ಉದ್ದಕ್ಕೂ ಇರಬೇಕು. 30 ಅಡಿ ಕೊಳದಲ್ಲಿ ತಳ ಬೇಗ ಮೇಲೇರುತ್ತದೆ, ಹಾರಿದವನ ತಲೆ ಆ ಇಳಿಜಾರಿಗೇ ಹೋಗುತ್ತದೆ. ನಾನಾದರೆ ಎರಡು ತುದಿ ಮೂರೂವರೆ ಅಡಿ, ನಡುವೆ ಐದು ಅಡಿ ಬರುವಂತೆ ತೋಡಿಸುತ್ತೇನೆ. ಈಗಾಗಲೇ ಹೆಚ್ಚು ತೋಡಿದ್ದರೆ ಸುಮ್ನೆ ಮಣ್ಣು ತುಂಬಿ ಮುಚ್ಚಬೇಡಿ. ಸಡಿಲ ಮಣ್ಣಿನ ಮೇಲೆ ಕೂತ ಕೊಳ ಬಿರುಕು ಬಿಡುತ್ತದೆ. ಸರಿಯಾಗಿ ದಮ್ಮಸ್ಸು ಮಾಡಿಸಿ, ಎಂಜಿನಿಯರ್‌ಗೆ ತೋರಿಸಿ.

ಕಪ್ಪು ಫಿನಿಶ್ ಬೇಡ. ಫೋಟೊದಲ್ಲಿ ಕೆರೆಯ ಹಾಗೆ ಚೆನ್ನಾಗಿ ಕಾಣುತ್ತದೆ, ಒಪ್ಪುತ್ತೇನೆ. ಆದರೆ ಸುಣ್ಣದ ಕಲೆ ಅದರ ಮೇಲೆ ಎದ್ದು ಕಾಣುತ್ತದೆ. ಕಾಣಬೇಕಾದದ್ದು ಮಾತ್ರ ಕಾಣುವುದಿಲ್ಲ. ಕೊಳದ ತಳ ಯಾವಾಗಲೂ ಸ್ಪಷ್ಟವಾಗಿ ಕಾಣಬೇಕು. ಅಲ್ಲಿ ಬಿದ್ದಿರುವುದು ಎಲೆಯೋ, ಟವೆಲ್ಲೋ, ಮಗುವೋ ಅಂತ ಒಂದೇ ನೋಟಕ್ಕೆ ಗೊತ್ತಾಗಬೇಕು, ಅಲ್ವಾ?

ದೀಪದ ಬಣ್ಣ ಮೂರು ವಾರದ ಆಟ. ಆಮೇಲೆ ಎಲ್ಲರೂ ಬಿಳಿಗೇ ಬರುತ್ತಾರೆ. ಕೂರುವ ಕಟ್ಟೆ ಮಾತ್ರ ಹಾಕಿಸಿ, ಅದು ನಿಮ್ಮ ಮನೆಯಲ್ಲಿ ಅತಿ ಹೆಚ್ಚು ಬಳಕೆಯಾಗುವ ಜಾಗ ಆಗುತ್ತದೆ. ಆದರೆ ಆರಡಿ ಕಟ್ಟೆ ಅಂದರೆ ಈಜುವ ಉದ್ದದಲ್ಲಿ ಆರಡಿ ಹೋಯಿತು ಅಂತ ಲೆಕ್ಕ. ಮತ್ತೆ ಅದರ ಮೇಲೂ ನೀರು ಬರುವ ಒಂದು ಬಾಯಿ ಇಡಿಸಿ. ಇಲ್ಲದಿದ್ದರೆ ಅಂಗೈ ಆಳದ ಆ ನೀರು ಬಿಸಿಲಿಗೆ ಕಾದು ಪಾಚಿ ಕಟ್ಟುತ್ತದೆ, ಕಾಲು ಇಟ್ಟವರು ಜಾರುತ್ತಾರೆ.

ಈಗ ಪಟ್ಟಿಯಲ್ಲಿ ಇಲ್ಲದ್ದು. ನಾನು ರಿಪೇರಿಗೆ ಹೋದ ಮನೆಗಳಲ್ಲಿ ನಿಜವಾದ ಗೋಳು ಕೇಳಿದ್ದು ಕಣ್ಣಿಗೆ ಕಾಣದ ಕೆಲಸದ ಬಗ್ಗೆ. ದೀಪ ಆಮೇಲೆ ಬದಲಾಯಿಸಬಹುದು, ಕಾಂಕ್ರೀಟ್ ಒಳಗಿನ ಪೈಪ್ ಬದಲಾಯಿಸಲು ಆಗುತ್ತದಾ? ಒಂದೂವರೆ ಇಂಚಿನ ಬದಲು ಎರಡು ಇಂಚಿನ ಪೈಪ್ ಕೇಳಿ. ನೀರು ಎಳೆಯುವ ತಳದ ಬಾಯಿ ಎರಡು ಇರಲಿ, ಒಂದಕ್ಕೊಂದು ದೂರದಲ್ಲಿ. ಒಂದೇ ಇದ್ದರೆ ಅದರ ಮೇಲೆ ಯಾರಾದರೂ ಕೂತರೆ ಎಳೆತಕ್ಕೆ ಅಂಟಿಕೊಂಡುಬಿಡುತ್ತಾರೆ. ಎಲೆ ಹಿಡಿಯುವ ಸ್ಕಿಮ್ಮರ್ ಗಾಳಿ ಯಾವ ಕಡೆಗೆ ಕಸ ತಳ್ಳುತ್ತದೋ ಆ ಗೋಡೆಯಲ್ಲಿರಲಿ. ನಾಲ್ಕು ದಿನ ಸಂಜೆ ಗುಂಡಿಯ ಪಕ್ಕ ನಿಂತು ನೋಡಿದರೆ ಗೊತ್ತಾಗುತ್ತದೆ. ಜೊತೆಗೆ ಎರಡು ಖಾಲಿ ಪೈಪ್ ಹೂತು ಬಾಯಿ ಮುಚ್ಚಿಸಿಡಿ. ಮುಂದೆ ಹೀಟರ್ ಬೇಕೆನಿಸಿದರೆ ಸುತ್ತಲಿನ ನೆಲ ಒಡೆಯುವುದು ತಪ್ಪುತ್ತದೆ.

ಪಂಪ್ ವೇಗ ಬದಲಾಯಿಸುವಂಥದ್ದನ್ನೇ ತಗೊಳ್ಳಿ. ವೇಗ ಅರ್ಧಕ್ಕೆ ಇಳಿಸಿದರೆ ನೀರು ಅರ್ಧ ಹರಿಯುತ್ತದೆ, ಆದರೆ ಎಳೆಯುವ ಕರೆಂಟು ಲೆಕ್ಕದ ಪ್ರಕಾರ ಎಂಟನೇ ಒಂದು ಭಾಗ. ಎರಡರಷ್ಟು ಹೊತ್ತು ಓಡಿಸಿದರೂ ಕಾಲು ಭಾಗದಲ್ಲಿ ಅದೇ ಕೆಲಸ ಆಗುತ್ತದೆ. ಸದ್ದೂ ಕಡಿಮೆ.

ನಿಮ್ಮವರು ಜಲಪಾತ ಬಿಡುವುದೇ ಇಲ್ಲ ಅಂದರೆ ಅದಕ್ಕೆ ಬೇರೆ ವಾಲ್ವ್ ಹಾಕಿಸಿ, ಬೇಕಾದಾಗ ಮಾತ್ರ ತಿರುಗಿಸಿ. ಒಂದಡಿಗಿಂತ ಎತ್ತರ ಬೇಡ.

ಪ್ರಶ್ನೆ: ‘ಉಪ್ಪಿನ ಸಿಸ್ಟಂ ಹಾಕಿಸಿ, ಕ್ಲೋರಿನ್ ಕಾಟವೇ ಇಲ್ಲ’ ಅಂದರು, ಹಾಕಿಸಿದೆವು. ಎರಡು ವರ್ಷಕ್ಕೆ ಅಂಚಿನ ಮೆತ್ತನೆಯ ಕಲ್ಲು ಪದರ ಪದರವಾಗಿ ಏಳುತ್ತಿದೆ. ಕಿತ್ತು ಹಾಕಲಾ?

ಉತ್ತರ: ನಿಮಗೆ ಅರ್ಧ ಸತ್ಯ ಹೇಳಿದ್ದಾರೆ. ಆ ಯಂತ್ರ ಉಪ್ಪುನೀರಿಗೆ ಕರೆಂಟು ಹಾಯಿಸಿ ಕ್ಲೋರಿನ್ ತಯಾರಿಸುತ್ತದೆ. ನೀವು ಈಜುತ್ತಿರುವುದು ಕ್ಲೋರಿನ್ ನೀರಲ್ಲೇ. ಲೀಟರ್‌ಗೆ ಸುಮಾರು 3 ಗ್ರಾಂ ಉಪ್ಪು ಇರುತ್ತದೆ, ಸಮುದ್ರದಲ್ಲಿ 35 ಗ್ರಾಂ. ಕಡಿಮೆಯೇ, ಆದರೆ ಚಿಮ್ಮಿದ ನೀರು ಕಲ್ಲಿನ ಸಣ್ಣ ರಂಧ್ರದಲ್ಲಿ ಒಣಗಿ ಒಣಗಿ ಉಪ್ಪು ಹರಳುಗಟ್ಟುತ್ತದೆ, ಹರಳು ಬೆಳೆದು ಕಲ್ಲನ್ನು ಒಳಗಿಂದ ಸೀಳುತ್ತದೆ.

ಯಂತ್ರ ಕೀಳಬೇಡಿ. ಕ್ಲೋರಿನ್ ಒಂದೇ ಹದದಲ್ಲಿ ಬರುತ್ತದೆ, ಅದು ಅದರ ಒಳ್ಳೆಯ ಗುಣ. ಈಜಿದ ಮೇಲೆ ಅಂಚಿಗೆ ಸಿಹಿನೀರು ಸುರಿಯಿರಿ. ಕಲ್ಲು ಪೂರ್ತಿ ಒಣಗಿದ ಮೇಲೆ ಸೀಲರ್ ಬಳಿಸಿ. ತೀರಾ ಎದ್ದ ಕಲ್ಲಿಗೆ ಬದಲಾಗಿ ಗಟ್ಟಿ ಗ್ರಾನೈಟ್ ಕೂರಿಸಿ. ಯಂತ್ರದ ತಗಡಿನ ಮೇಲೆ ಬಿಳಿ ಕಟ್ಟಿದರೆ ತೆಳು ಆಸಿಡ್‌ನಲ್ಲಿ ತೊಳೆಯುತ್ತಾರೆ. ಆಗ ನೀರಿಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರು ಹಾಕಬಾರದು. ಕ್ಲೋರಿನ್ ತಯಾರಿಸುವ ಆ ತಗಡುಗಳ ಭಾಗಕ್ಕೆ ಸೆಲ್ ಅನ್ನುತ್ತಾರೆ. ಅದು ಸಾಮಾನ್ಯವಾಗಿ 3ರಿಂದ 7 ವರ್ಷಕ್ಕೆ ಸವೆದುಹೋಗುತ್ತದೆ ಅನ್ನುವುದನ್ನೂ ಮನಸ್ಸಲ್ಲಿಟ್ಟುಕೊಳ್ಳಿ. ಮಾರುವಾಗ ಇದನ್ನು ಯಾರೂ ಹೇಳುವುದಿಲ್ಲ.

ಪ್ರಶ್ನೆ: ಹೀಟರ್ ಅಥವಾ ಹೊದಿಕೆ, ಎರಡರಲ್ಲಿ ಒಂದಕ್ಕೆ ಮಾತ್ರ ದುಡ್ಡಿದೆ. ಯಾವುದು?

ಉತ್ತರ: ಹೊದಿಕೆ. ಬಯಲಲ್ಲಿರುವ ಕೊಳ ಕಳೆದುಕೊಳ್ಳುವ ಶಾಖದಲ್ಲಿ ಹೆಚ್ಚಿನದು ಹೋಗುವುದು ಆವಿಯಾಗಿ. ಒಂದು ಲೀಟರ್ ನೀರು ಆರಿಹೋದರೆ ಮುಕ್ಕಾಲು ಯೂನಿಟ್‌ಗೆ ಹತ್ತಿರದಷ್ಟು ಶಾಖ ಅದರ ಜೊತೆ ಹೋಗುತ್ತದೆ. 50 ಸಾವಿರ ಲೀಟರ್ ನೀರನ್ನು ಒಂದೇ ಒಂದು ಡಿಗ್ರಿ ಬಿಸಿ ಮಾಡಲು 58 ಯೂನಿಟ್ ಶಾಖ ಬೇಕು. ಹೊದಿಕೆ ಇಲ್ಲದೆ ಹೀಟರ್ ಹಾಕುವುದು ಬಾಗಿಲು ತೆಗೆದಿಟ್ಟು ಚಳಿ ಕಾಯಿಸಿಕೊಂಡ ಹಾಗೆ.

ಗುಳ್ಳೆಗುಳ್ಳೆಯ ತೆಳು ಹೊದಿಕೆ ಶಾಖ ಉಳಿಸಲು ಮಾತ್ರ. ಮಗು ಅದರ ಮೇಲೆ ಕಾಲಿಟ್ಟರೆ ಕೆಳಗೆ ಹೋಗುತ್ತದೆ, ಮೇಲಿಂದ ಏನೂ ಕಾಣುವುದಿಲ್ಲ. ಬೇಲಿ, ತಾನೇ ಮುಚ್ಚಿಕೊಳ್ಳುವ ಗೇಟು ಇರಲೇಬೇಕು. ಹೊದಿಕೆ ಸುತ್ತುವ ರೋಲರ್‌ಗೆ ಒಂದು ತುದಿಯಲ್ಲಿ ಮೂರಡಿ ಜಾಗ ಬಿಡಿ, ಇಲ್ಲದಿದ್ದರೆ ಇಬ್ಬರು ಹಿಡಿದು ಮಡಚಬೇಕಾಗುತ್ತದೆ. ನಮ್ಮ ಮನೆಯಲ್ಲಿ ಹಾಗೇ ಮಡಚುತ್ತೇವೆ. ರೋಲರ್ ಬರಬೇಕಾದ ಜಾಗದಲ್ಲಿ ಜಲಪಾತ ಇದೆ.